ಉಳಿ ಕಲಿಸಿದವನ ಹೆಸರು

ಹೊಳೆಯ ದಂಡೆಯಲ್ಲಿ ಒಂದು ಮಠ. ಸಣ್ಣದು. ಅಲ್ಲಿ ಒಬ್ಬರು ಅಜ್ಜಾರು ಇದ್ದರು. ಬಂದವರಿಗೆ ಊಟ ಹಾಕುತ್ತಿದ್ದರು. ಉಪದೇಶ ಕಡಿಮೆ.

ಒಂದು ಮಧ್ಯಾಹ್ನ ತಿಪ್ಪೇಶ ಅನ್ನುವವನು ಬಂದ. ನಲವತ್ತರ ಹತ್ತಿರದ ವಯಸ್ಸು. ಹೆಗಲಿಗೆ ಗೋಣಿಚೀಲ. ಚೀಲದಲ್ಲಿ ಉಳಿ, ಕೊಡತಿ, ಗರಗಸ. ಬಡಗಿಯ ಸಾಮಾನು.

"ಉಂಡೆಯಾ?" ಅಂದರು ಅಜ್ಜಾರು.

"ಇಲ್ಲರಿ."

ಉಂಡ. ಉಂಡಾದ ಮೇಲೆ ಸುಮ್ಮನೆ ಕೂರಲಿಲ್ಲ. ಮಠದ ಬೆಂಚಿನ ಒಂದು ಕಾಲು ಅಲ್ಲಾಡುತ್ತಿತ್ತು. ಅದನ್ನು ಬಿಚ್ಚಿದ. ಮೊಳೆ ಹೊಡೆಯಲಿಲ್ಲ. ಮರಕ್ಕೆ ಮರ ಕಚ್ಚಿಸಿ ಕೂಡಿಸಿದ. ಆಮೇಲೆ ಕಣ್ಣು ಮುಚ್ಚಿ, ಕೂಡಿಸಿದ ಕಡೆ ಹೆಬ್ಬೆರಳು ಆಡಿಸಿದ.

"ಕಣ್ಣು ಯಾಕೆ ಮುಚ್ಚಿದೆ?" ಅಂದರು ಅಜ್ಜಾರು.

"ಕಣ್ಣು ಮೋಸ ಹೋಗ್ತೈತೆ, ಬೆರಳು ಹೋಗೋದಿಲ್ಲ ಅಂತ ಕಲಿಸಿದ್ರು."

"ಯಾರು?"

ತಿಪ್ಪೇಶ ಬೆಂಚು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಒಬ್ಬರು," ಅಂದ.

"ಒಬ್ಬರಿಗೆ ಒಂದು ಹೆಸರು ಇರ್ತೈತೆ," ಅಂದು ಅಜ್ಜಾರು ಒಳಗೆ ಹೋದರು.

ಮೂರನೇ ದಿನ ಬೆಳಿಗ್ಗೆ ಅವನೇ ಹೇಳಿದ.

"ಜೈಲಲ್ಲಿದ್ದೆ ಅಜ್ಜಾರೆ. ಐದು ವರ್ಷ. ಒಂದು ಮನೆ ಬಾಗಿಲು ಮುರಿದು ಕಳ್ಳತನಕ್ಕೆ ಹೋಗಿದ್ದೆ. ಒಳಗೆ ಮುದುಕರೊಬ್ಬರು ಎದ್ರು. ನೂಕಿದೆ. ಕೈ ಮುರೀತು."

"ಯಾರ ಕೈ?"

"ಅವರದು."

ಅಜ್ಜಾರು ಹತ್ತಿರ ಬಂದು ಕೂತರು.

"ಮರಗೆಲಸ ಒಳಗೇ ಕಲಿತೆ. ಹೊರಗೆ ಬಂದು ಹತ್ತು ತಿಂಗಳಾಯ್ತು. ಏಳು ಊರು ತಿರುಗಿದೆ. ಕೆಲಸ ನೋಡಿ ಮೆಚ್ತಾರೆ. ಎಲ್ಲಿ ಕಲಿತೆ ಅಂತಾರೆ. ಹೇಳಿದೆ ಅಂದ್ರೆ ಮುಗೀತು. ಹಿಂದಿನ ಊರಲ್ಲಿ ಒಬ್ಬ ಸಾಹುಕಾರ ನಕ್ಕುಬಿಟ್ಟ. ಬಾಗಿಲು ಮುರಿದೋನ ಕೈಲಿ ಬಾಗಿಲು ಮಾಡಿಸೋದು, ಬೆಕ್ಕನ್ನ ಹಾಲಿಗೆ ಕಾವಲಿಟ್ಟಂಗೆ ಅಂದ."

ಅಜ್ಜಾರಿಗೆ ನಗು ಬಂತು. ತಡೆಯಲು ನೋಡಿದರು. ಆಗಲಿಲ್ಲ.

"ನಿಮಗೂ ನಗು."

"ಮಾತು ಚೆನ್ನಾಗೈತಪ್ಪ. ಒಂದು ದಿನ ನಿನಗೂ ನಗು ಬರ್ತೈತೆ. ತಡ ಆಗ್ತೈತೆ ಅಷ್ಟೆ."

ತಿಪ್ಪೇಶನಿಗೆ ನಗು ಬರಲಿಲ್ಲ.

"ಒಂದು ಮನೆಗೆ ಒಂದು ಬಾಗಿಲು ಇಡಬೇಕು ಅಜ್ಜಾರೆ. ಒಂದೇ ಒಂದು. ಬೆಂಚು, ಮಣೆ ಮಾಡಿದ್ರೆ ಯಾರೂ ಬಡಗಿ ಅನ್ನೋದಿಲ್ಲ. ಬಾಗಿಲು ಇಟ್ಟೋನೇ ಬಡಗಿ."

ಅಜ್ಜಾರು ಅಂದು ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಬಂದರು. ಮರುದಿನ ಮತ್ತೆ ಹೋಗಿ ಬಂದು ಅವನನ್ನು ಕರೆದರು.

"ಆಚೆ ಊರಲ್ಲಿ ಕೊಟ್ರಪ್ಪ ಅಂತ ಒಬ್ಬ. ಮನೆ ಕಟ್ಟಿಸ್ತಾ ಇದಾನೆ. ಬಾಗಿಲವಾಡಕ್ಕೆ ಬಡಗಿ ಬೇಕು. ಹೋಗು."

"ನನ್ನ ವಿಷಯ ಕೇಳಿದ್ರೆ?"

"ಕೇಳಿದ್ದಕ್ಕೆ ಉತ್ತರ ಕೊಡು. ಕೇಳದ್ದು ನಿನಗ್ಯಾಕೆ?"

ಕೊಟ್ರಪ್ಪ ಅರವತ್ತು ದಾಟಿದವರು. ಮಾತು ಅವರಿಗೆ ಭಾರ. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಸಾಗುವಾನಿ ತೊಲೆಗಳನ್ನು ತೋರಿಸಿದರು. ಮೇಲೆ ಧೂಳು. ಒಳಗೆ ಮರ ಚೆನ್ನಾಗಿ ಒಣಗಿತ್ತು.

"ಎಷ್ಟು ವರ್ಷದ್ದು?" ಅಂದ ತಿಪ್ಪೇಶ.

"ಹನ್ನೊಂದು."

"ಇಷ್ಟು ದಿನ ಯಾಕೆ ಇಟ್ರಿ?"

ಕೊಟ್ರಪ್ಪ ತೊಲೆಯ ಮೇಲಿನ ಧೂಳನ್ನು ಅಂಗೈಯಿಂದ ಸರಿಸಿದರು.

"ನೀಲಮ್ಮ ಕೇಳಿದ್ಲು. ನನ್ನ ಹೆಂಡತಿ. ಹಳೇ ಮನೆ ಬಾಗಿಲು ಗಿಡ್ಡ, ನೀರು ಹೊತ್ತು ಬರ್ತಾ ತಲೆ ಬಡೀತೈತೆ ಅಂತ. ಮರ ತಂದೆ. ಮುಂದಿನ ವರ್ಷ ಕಟ್ಟಿಸೋಣ ಅಂದೆ. ಪ್ರತಿ ವರ್ಷ ಅದನ್ನೇ ಅಂದೆ."

"ಈಗ ಅವರು?"

"ಹೋದ ಚಳಿಗಾಲದಲ್ಲಿ ಹೋದ್ಲು."

ತಲೆಯ ಮೇಲೆ ಕೈ ಎತ್ತಿ ತೋರಿಸಿದರು. "ಎತ್ತರ ಮಾಡು. ತಲೆ ಬಡೀಬಾರದು."

ಜೈಲಿನ ಮಾತು ಅವರು ಕೇಳಲಿಲ್ಲ. ತಿಪ್ಪೇಶ ಹೇಳಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿ. ಬಾಗಿಲವಾಡದ ಮರಕ್ಕೆ ಮೊದಲ ಉಳಿ ಹಾಕುವಾಗ ಬಡಗಿ ತನ್ನ ಗುರುವಿನ ಹೆಸರು ಹೇಳಬೇಕು. ನಾಲ್ಕು ಜನರಿಗೆ ಕೇಳುವಂತೆ.

ತಿಪ್ಪೇಶನಿಗೆ ಇದು ಗೊತ್ತಿತ್ತು. ಹೇಳಿಕೊಟ್ಟವನು ದ್ಯಾಮಣ್ಣ.

ದ್ಯಾಮಣ್ಣ ಜೈಲಿನಲ್ಲಿದ್ದ. ಸ್ವಂತ ತಮ್ಮನನ್ನು ಕೊಂದವನು. ಅವನಿಗೆ ಜೀವಾವಧಿ. ಕೆಲಸದ ಕೋಣೆಯಲ್ಲಿ ಕರೆಂಟು ಆಗಾಗ ಹೋಗುತ್ತಿತ್ತು. ಕತ್ತಲಲ್ಲಿ ತಿಪ್ಪೇಶನ ಹೆಬ್ಬೆರಳು ಹಿಡಿದು ಮರದ ಮೇಲೆ ಆಡಿಸುತ್ತಿದ್ದ. ನೋಡು, ಇಲ್ಲಿ ಕೂದಲೆಳೆ ಜಾಗ ಬಿಟ್ಟೀಯ ಅನ್ನುತ್ತಿದ್ದ.

ತಿಪ್ಪೇಶ ಬಿಡುಗಡೆಯಾದ ದಿನ ಅವನು ಒಂದೇ ಮಾತು ಕೇಳಿದ್ದ. "ಮೊದಲ ಬಾಗಿಲವಾಡಕ್ಕೆ ಉಳಿ ಹಾಕಿದ ದಿನ ಒಂದು ಕಾಗದ ಹಾಕಪ್ಪ. ಸಾಕು."

ಗುರುವಾರ ಬೆಳಿಗ್ಗೆ ಕೊಟ್ರಪ್ಪ ಮರಕ್ಕೆ ಪೂಜೆ ಮಾಡಿದರು. ಅಕ್ಕಪಕ್ಕದವರು ಹತ್ತು ಜನ ಬಂದಿದ್ದರು. ಮುದುಕಿಯೊಬ್ಬಳು ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು.

"ಗುರುವಿನ ಹೆಸರು ಹೇಳಿ ಏಟು ಹಾಕಪ್ಪ," ಅಂದರು ಕೊಟ್ರಪ್ಪ.

ತಿಪ್ಪೇಶ ಮರಕ್ಕೆ ಉಳಿ ಇಟ್ಟ. ಹೆಸರು ನಾಲಿಗೆಯ ತುದಿಗೆ ಬಂತು. ಜನರ ಮುಖ ನೋಡಿದ. ದ್ಯಾಮಣ್ಣ ಯಾರು, ಯಾವ ಊರು ಅನ್ನುತ್ತಾರೆ. ಆಮೇಲೆ ಎಲ್ಲ ಹೊರಗೆ ಬರುತ್ತದೆ.

"ಪೇಟೆಯ ಮೌನೇಶಾಚಾರಿ," ಅಂದ.

ಏಟು ಹಾಕಿದ. ಚಕ್ಕೆ ಹಾರಿತು.

"ದೊಡ್ಡವರ ಕೈಯಲ್ಲಿ ಪಳಗಿದೋನು," ಅಂದಳು ಮುದುಕಿ. ಹಣೆಗೆ ಕುಂಕುಮ ಹಚ್ಚಿದಳು.

ನಾಲ್ಕು ದಿನ ಕೆಲಸ ನಡೆಯಿತು. ಒಳ್ಳೆಯ ಕೆಲಸ. ಕೊಟ್ರಪ್ಪ ದೂರ ಕೂತು ನೋಡುತ್ತಿದ್ದರು. ಕಾಗದ ಹಾಕಬೇಕು ಅಂತ ತಿಪ್ಪೇಶನಿಗೆ ದಿನವೂ ನೆನಪಾಗುತ್ತಿತ್ತು. ಏನಂತ ಬರೆಯುವುದು? ನಿನ್ನ ಹೆಸರು ಹೇಳಿದೆ ಅಂತಲಾ?

ಮಂಗಳವಾರ ಕೊಟ್ರಪ್ಪ ಬಸ್ಸು ಹತ್ತಿ ಪೇಟೆಗೆ ಹೋದರು. ಸಂಜೆಗೆ ಮುಂಚೆ ಬಂದರು. ಕೈಯಲ್ಲಿ ಕೆಂಪು ಅಂಚಿನ ಬಿಳಿ ಶಲ್ಯ. ಅದರೊಳಗೆ ತೆಂಗಿನಕಾಯಿ, ಎಲೆ ಅಡಿಕೆ.

"ಉಳಿ ಕೆಳಗಿಡು," ಅಂದರು.

ತಿಪ್ಪೇಶ ಇಟ್ಟ.

"ಬಡಗಿ ಹೆಸರು ಹೇಳಿದ ಗುರುವಿಗೆ ಮನೆಯವರು ಶಲ್ಯ ಹೊದಿಸಿ ಬರೋದು ನಮ್ಮ ಕಡೆ ಪದ್ಧತಿ. ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಶಲ್ಯದ ಮಾತನ್ನು ದ್ಯಾಮಣ್ಣ ಹೇಳಿರಲೇ ಇಲ್ಲ. ಹೇಳಿದರೆ ಶಲ್ಯ ಕೇಳಿದಂತಾಗುತ್ತದೆ ಅಂದುಕೊಂಡಿರಬೇಕು.

"ನೀನು ಮರ ಮುಟ್ಟೋ ರೀತಿ ಹೇಳಿದೆ. ಮೌನೇಶಾಚಾರಿ ಏನಂದ್ರು ಗೊತ್ತಾ? ಕಣ್ಣು ಮುಚ್ಚಿ ಮರ ಮುಟ್ಟೋನು ನನ್ನ ಹತ್ರ ಒಂದು ದಿನವೂ ಉಳಿಯೋದಿಲ್ಲ ಗೌಡ್ರೆ, ಯಾರೋ ನಿಮಗೆ ಟೋಪಿ ಹಾಕ್ಯಾರೆ ಅಂದ್ರು. ಅಂಗಡಿಯಲ್ಲಿದ್ದೋರೆಲ್ಲ ನಕ್ರು."

ತಿಪ್ಪೇಶನ ತಲೆ ಬಗ್ಗಿತು. "ನಾನು ಜೈಲಿಂದ ಬಂದೋನು. ಅದಕ್ಕೇ..."

"ಗೊತ್ತು. ಅಜ್ಜಾರು ಬಂದು ಎಲ್ಲ ಹೇಳಿದ್ರು. ಬಾಗಿಲು ಮುರಿದದ್ದು. ಮುದುಕರ ಕೈ. ಒಂದು ದಿನ ಯೋಚನೆ ಮಾಡಿ, ಕಳಿಸ್ರಿ ಅಂದೆ."

ತಿಪ್ಪೇಶ ತಲೆ ಎತ್ತಿದ.

"ಜೈಲಿಗೆ ನಾನು ಏನೂ ಅನ್ನಲಿಲ್ಲ," ಅಂದರು ಕೊಟ್ರಪ್ಪ. "ನೀನು ಅವಳ ಬಾಗಿಲಿಗೆ ಮೊದಲ ಏಟೇ ಸುಳ್ಳು ಹಾಕಿದೆ."

ಶಲ್ಯವನ್ನು ಅವನ ಕೈಯಲ್ಲಿಟ್ಟರು.

"ಇದು ವಾಪಸ್ಸು ಮನೆಯೊಳಗೆ ಬರೋ ಹಾಗಿಲ್ಲ. ಯಾರದೋ ಅವರಿಗೆ ಮುಟ್ಟಿಸಿ ಬಾ. ಅಲ್ಲಿವರೆಗೆ ಈ ಮರಕ್ಕೆ ಉಳಿ ಬೀಳೋದಿಲ್ಲ. ನಿಂದೂ ಇಲ್ಲ, ಇನ್ನೊಬ್ಬರದೂ ಇಲ್ಲ."

ತಿಪ್ಪೇಶ ಹೊಳೆ ದಾಟಿ ಮಠಕ್ಕೆ ಬಂದ. ಅಜ್ಜಾರು ಅಕ್ಕಿ ಆರಿಸುತ್ತಿದ್ದರು.

"ಕೊಟ್ರಪ್ಪನವರಿಗೆ ಮೊದಲೇ ಹೇಳಿದ್ದೀನಿ ಅಂತ ನನಗೆ ಯಾಕೆ ತಿಳಿಸಲಿಲ್ಲ ಅಜ್ಜಾರೆ?"

"ತಿಳಿಸಿದ್ರೆ ಏನು ಮಾಡ್ತಿದ್ದೆ?"

"ನಿಜ ಹೇಳ್ತಿದ್ದೆ."

"ಹೂಂ." ಅಜ್ಜಾರು ಒಂದು ಕಲ್ಲು ಆರಿಸಿ ಎಸೆದರು. "ತಿಳಿಸಬೇಕಿತ್ತೇನೋ. ನನ್ನದೂ ತಪ್ಪಿರಬಹುದು. ಈಗ ಹೇಳು. ಯಾರು ಕಲಿಸಿದ್ದು?"

"ದ್ಯಾಮಣ್ಣ ಅಂತ. ತಮ್ಮನನ್ನ ಕೊಂದೋನು."

"ಕೊಂದದ್ದು ನಾನು ಕೇಳಲಿಲ್ಲ. ನಿನ್ನ ಹೆಬ್ಬೆರಳು ಹಿಡಿದದ್ದು ಯಾವ ಕೈ?"

ತಿಪ್ಪೇಶ ತನ್ನ ಹೆಬ್ಬೆರಳು ನೋಡಿಕೊಂಡ.

"ಅದೇ ಕೈ," ಅಂದ.

"ಎಲ್ಲಿದಾನೆ?"

"ಒಳಗೇ. ಆ ಗೇಟಿನ ಮುಂದೆ ಮತ್ತೆ ನಿಲ್ಲೋದಿಲ್ಲ ಅಂತ ಆಣೆ ಹಾಕ್ಕೊಂಡೀನಿ."

"ಒಳ್ಳೇ ಆಣೆ," ಅಂದರು ಅಜ್ಜಾರು. ಮತ್ತೆ ಅಕ್ಕಿ ಆರಿಸತೊಡಗಿದರು.

ಒಂದು ದಿನ ಬಿಟ್ಟು ತಿಪ್ಪೇಶ ಹೊರಟ. ಎರಡು ಬಸ್ಸು ಬದಲಿಸಿದ. ಶುಕ್ರವಾರ ಮುಂಜಾನೆ ಗೇಟಿನ ಮುಂದೆ ನಿಂತ. ಕಾವಲಿನವನು ಹಳಬ, ಗುರುತು ಹಿಡಿದ.

"ಏನೋ ತಿಪ್ಪೇಶಿ, ಹೊರಗಿನ ಊಟ ಸೇರಲಿಲ್ವಾ? ಈ ಸಲ ಯಾರ ಮನೆ ಬಾಗಿಲು?"

"ಕೊಟ್ರಪ್ಪ ಅನ್ನೋರದು. ಮುರಿದಿಲ್ಲ, ಮಾಡ್ತಾ ಇದ್ದೆ. ದ್ಯಾಮಣ್ಣನ್ನ ನೋಡಬೇಕಿತ್ತು."

ಕಾವಲಿನವನ ನಗು ನಿಂತಿತು. ಶಲ್ಯ ನೋಡಿದ. ತೆಂಗಿನಕಾಯಿ ನೋಡಿದ.

"ಸೋಮವಾರ ಹೋದನಲ್ಲೋ. ಎದೆನೋವು ಅಂದ. ಆಸ್ಪತ್ರೆ ಮುಟ್ಟಲಿಲ್ಲ."

"ಮಣ್ಣು?"

"ಅವನ ಕಡೆಯೋರು ಯಾರೂ ಬರಲಿಲ್ಲ. ನಾವೇ ಮಾಡಿದ್ವಿ."

ತಿಪ್ಪೇಶ ಅಲ್ಲೇ ಕೂತ. ಉಳಿ ಹಾಕಿದ್ದು ಗುರುವಾರ. ಆ ದಿನವೇ ಬರೆದಿದ್ದರೆ ಕಾಗದ ಶನಿವಾರ ಮುಟ್ಟುತ್ತಿತ್ತು. ಎರಡು ದಿನ ಅವನ ಹತ್ತಿರ ಇರುತ್ತಿತ್ತು.

ಕಾವಲಿನವನು ನೀರು ತಂದುಕೊಟ್ಟ.

"ನೀನು ಹೋದಾಗಿಂದ ಟಪಾಲು ಬಂದಾಗೆಲ್ಲ ಕೇಳೋನು. ನನಗೇನಾದ್ರೂ ಬಂತಾ ಅಂತ. ನಾವು ತಮಾಷೆ ಮಾಡೋವ್ರು. ನಿನಗೆ ಓದೋಕೆ ಬರೋದಿಲ್ಲ, ಬಂದ್ರೂ ಏನು ಮಾಡ್ತೀಯ ಅಂತ."

"ಏನನ್ನೋನು?"

"ಬೆರಳಾಡಿಸ್ತೀನಿ, ಗೊತ್ತಾಗ್ತೈತೆ ಅನ್ನೋನು."

ತಿಪ್ಪೇಶ ಮಠಕ್ಕೆ ವಾಪಸ್ಸು ಬಂದಾಗ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದರು. ಅವನ ಕೈಯಲ್ಲಿ ಶಲ್ಯ ಹಾಗೇ ಇತ್ತು. ಮಡಿಕೆ ಕೂಡ ಬಿಚ್ಚಿರಲಿಲ್ಲ.

"ತಡ ಮಾಡಿದೆ ಅಜ್ಜಾರೆ," ಅಂದ. ಉಳಿದದ್ದನ್ನು ಹೇಳಿದ.

ಅಜ್ಜಾರು ಬಟ್ಟೆಯನ್ನು ಕಲ್ಲಿನ ಮೇಲಿಟ್ಟರು. ತಾವೂ ಕೂತರು. ನೀರು ಹರಿಯುತ್ತಿತ್ತು. ತಿಪ್ಪೇಶ ಶಲ್ಯ ಮುಂದೆ ಹಿಡಿದ.

"ಕೊಡೋಕೆ ಮನುಷ್ಯ ಇಲ್ಲ. ಇದನ್ನ ಹೊಳೆಗೆ ಬಿಡಲಾ?"

"ಬಾಗಿಲು ಮಾಡೋಕೆ ನಿನಗೆ ಹೊಳೆ ಕಲಿಸಿತಾ?"

"ಮುಟ್ಟಿಸದೆ ಕೊಟ್ರಪ್ಪನವರು ಉಳಿ ಹಾಕೋಕೆ ಬಿಡೋದಿಲ್ಲ. ಅವರ ಮನೆಯವರ ಬಾಗಿಲು ಹಾಗೇ ನಿಂತೋಗ್ತೈತೆ. ನನಗೂ ಇನ್ನೊಂದು ಬಾಗಿಲು ಯಾರೂ ಕೊಡೋದಿಲ್ಲ."

ಅಜ್ಜಾರು ಕೈ ಒರೆಸಿಕೊಂಡರು. ತೆಂಗಿನಕಾಯಿ, ಎಲೆ ಅಡಿಕೆ ಕೆಳಗಿಟ್ಟು ಶಲ್ಯ ಕೊಡವಿದರು. ತಿಪ್ಪೇಶನ ಹೆಗಲಿನ ಮೇಲೆ ಹಾಕಿದರು.

ತಿಪ್ಪೇಶ ಬೆಂಕಿ ತಾಗಿದವನಂತೆ ಹಿಂದೆ ಸರಿದ.

"ಬೇಡ ಅಜ್ಜಾರೆ. ಇದು ನನ್ನದಲ್ಲ."

"ನಿನ್ನದಲ್ಲ," ಅಂದರು ಅಜ್ಜಾರು. ಜಾರಿದ ಅಂಚನ್ನು ಎಳೆದು ಸರಿಮಾಡಿದರು. "ಹೀಗೇ ಕೊಟ್ರಪ್ಪನ ಊರಿಗೆ ಹೋಗು. ಯಾರದು ಅಂತ ನಾಲ್ಕು ಜನ ಕೇಳ್ತಾರೆ."