ಸೈಕಲ್ ಹೊರೆ

ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುವ ಪುಟ್ಟತಾಯಿ ಗುಡ್ಡದ ಸೈಕಲ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ಅಭ್ಯಾಸಕ್ಕೆ ಊರಿನವರೆಲ್ಲ ಓಡಾಡುವ ಗುಡ್ಡದ ಕಾಲುದಾರಿಯೊಂದೇ ಗತಿ. ಅಲ್ಲಿ ನಡಿಗೆ ಸಂಘದ ಅಧ್ಯಕ್ಷ ಸಂಪಂಗಿರಾಮಯ್ಯನವರು ಬೆತ್ತ ಅಡ್ಡ ಹಿಡಿದು ನಿಂತರು.

"ಇದು ನಡೆಯೋರ ದಾರಿ. ಸೈಕಲ್ ತುಳಿಯೋ ಹಾಗಿಲ್ಲ!"

"ಹುಲ್ಲಿನ ಹೊರೆಯೋರು ದಾರಿ ತುಂಬ ಹೋಗ್ತಾರಲ್ಲ ಸ್ವಾಮಿ?"

"ಹೊರೆ ಹೊತ್ತವರನ್ನ ತಡೆಯೋಕಾಗುತ್ತಾ? ಅದು ಹಿಂದಿನಿಂದ ಬಂದ ಪದ್ಧತಿ."

ಪುಟ್ಟತಾಯಿ ಬಿಡುವವಳಲ್ಲ. ಟವೆಲ್ಲನ್ನು ಸಿಂಬೆ ಸುತ್ತಿ ತಲೆಗಿಟ್ಟಳು. "ಹಾಗಾದ್ರೆ ಈ ಹೊರೆಗೊಂದು ಕೈ ಕೊಡಿ" ಎಂದು ಸೈಕಲ್ ತೋರಿಸಿದಳು.

ಹೊರೆ ಎತ್ತಲು ಕರೆದರೆ ಆ ದಾರಿಯಲ್ಲಿ ಯಾರೂ ಆಗಲ್ಲ ಅನ್ನುವಂತಿಲ್ಲ. ಹುಲ್ಲು ಹೊತ್ತ ಹೆಂಗಸರು ಬೇರೆ ನಿಂತು ನೋಡುತ್ತಿದ್ದರು. ಅಧ್ಯಕ್ಷರು ಹಲ್ಲು ಕಚ್ಚಿ ಸೈಕಲ್ ಎತ್ತಿಕೊಟ್ಟರು. ಬಿಳಿ ಜುಬ್ಬಕ್ಕೆ ಚೈನಿನ ಗ್ರೀಸು ಮೆತ್ತಿತು.

"ಮೇಲೆ ಹೋದ್ಮೇಲೆ ಇಳಿಸೋಕೂ ಜನ ಬೇಕಲ್ಲ, ಬನ್ನಿ" ಎಂದು ಅವಳು ಮುಂದೆ ನಡೆದಳು. ಹಿಂದೆ ಏದುಸಿರು ಬಿಡುತ್ತ ಅಧ್ಯಕ್ಷರು.

ಮರುದಿನ ಅವಳ ಗೆಳತಿಯರ ದಂಡೇ ಬಂತು. ಎಲ್ಲರ ಕೈಯಲ್ಲೂ ಸೈಕಲ್, ಎಲ್ಲರ ತಲೆ ಮೇಲೂ ಸಿಂಬೆ.

ಅಧ್ಯಕ್ಷರು ಸೊಂಟ ಹಿಡಿದುಕೊಂಡರು. "ತುಳ್ಕೊಂಡೇ ಹೋಗ್ರಮ್ಮ! ನಡೆಯೋರು ಎದುರಾದ್ರೆ ಇಳಿದು ದಾರಿ ಬಿಡಿ, ಅಷ್ಟು ಸಾಕು."

ಸೈಕಲ್ಲಿನವರು ಈಗಲೂ ಹಾಗೇ ಮಾಡುತ್ತಾರೆ. ಆದರೆ ಎದುರಾದವರು ಅಧ್ಯಕ್ಷರಾದರೆ ಮಾತ್ರ ಕಥೆಯೇ ಬೇರೆ. ಪುಟ್ಟತಾಯಿ ಬ್ರೇಕು ಹಿಡಿಯುವುದೇ ತಡ, ಅವರೇ ಪೊದೆಯೊಳಗೆ ಸರಿದು ಕೂಗುತ್ತಾರೆ: "ಇಳೀಬೇಡ ತಾಯಿ, ಇಳೀಬೇಡ!"