ರಾಯರ ಹಲ್ಲುಜ್ಜೋ ಬ್ರಷ್ಷು

ಶೇಷಗಿರಿರಾಯರ ಬಚ್ಚಲುಮನೆಯಲ್ಲಿ ಶವರ್ ಪೈಪು ಮುರಿದು, ಅದರ ಹಿತ್ತಾಳೆಯ ತುಂಡು ಗೋಡೆಯೊಳಗೇ ಉಳಿಯಿತು.

"ಟೈಲ್ಸಿಗೆ ಒಂದು ಗೀರು ಬಿದ್ದರೂ ಇಡೀ ಗೋಡೆ ನಿನ್ನ ಕೈಲೇ ಕಟ್ಟಿಸ್ತೀನಿ" ಎಂದರು ರಾಯರು. "ಏನು ಬೇಕೋ ಕೇಳು, ಕೊಡ್ತೀನಿ."

ಪ್ಲಂಬರ್ ಚೆಲುವಯ್ಯ ತಲೆ ಕೆರೆದುಕೊಂಡ. "ನೀವು ಹಲ್ಲುಜ್ಜೋ ಬ್ರಷ್ ಕೊಡಿ ಸ್ವಾಮಿ."

ಮಾತು ಕೊಟ್ಟಾಗಿತ್ತು. ರಾಯರು ಮುಖ ಸಿಂಡರಿಸಿಕೊಂಡು ಬ್ರಷ್ಷು ತಂದುಕೊಟ್ಟರು. ಚೆಲುವಯ್ಯ ಅದರ ಪ್ಲಾಸ್ಟಿಕ್ ಹಿಡಿಯನ್ನು ಒಲೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿದ, ಮುರಿದ ತುಂಡಿನೊಳಕ್ಕೆ ಒತ್ತಿದ, ಅದು ಆರಿ ಗಟ್ಟಿಯಾಗುವವರೆಗೆ ಆರಾಮಾಗಿ ಎಲೆಅಡಿಕೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ತಿರುಗಿಸಿದ. ತುಂಡು ಬ್ರಷ್ಷಿಗೆ ಅಂಟಿಕೊಂಡೇ ಹೊರಗೆ ಬಂತು.

ರಾಯರು ಹಿಗ್ಗಿ ಟೈಲ್ಸನ್ನೆಲ್ಲ ಸವರಿ ನೋಡಿದರು. ಆಮೇಲೆ ಬ್ರಷ್ಷು ನೆನಪಾಯಿತು.

"ಅಲ್ಲಯ್ಯಾ, ನಾಳೆ ನಾನು ಹಲ್ಲುಜ್ಜೋದು ಯಾವುದರಲ್ಲಿ?"

ಚೆಲುವಯ್ಯ ಅದನ್ನು ಒರೆಸಿ, ಎರಡೂ ಕೈಯಲ್ಲಿ ನೀಡಿದ.

"ಇದರಲ್ಲೇ ಸ್ವಾಮಿ. ಉಜ್ಜೋ ಕಡೆ ನಾನು ಮುಟ್ಟೇ ಇಲ್ಲ. ಹಿಡಿಗೆ ಹಿತ್ತಾಳೆ ಕಟ್ಟಿಕೊಟ್ಟಿದ್ದೀನಿ, ನಿಮ್ಮ ಅಂತಸ್ತಿಗೆ ಒಪ್ಪುತ್ತೆ."