ಹುರುಳಿ ಕುದುರೆಯ ಬಾಯಿಕುಕ್ಕೆ

ಭೂಮಿ ಆಗ ತಾನೇ ಹುಟ್ಟಿತ್ತು, ಅದರ ಮೈಯ ಒದ್ದೆಯೂ ಆರಿರಲಿಲ್ಲ. ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಜಾಗ ಹುಡುಕುತ್ತಿದ್ದವು. ಗಾಳಿ, ಹೊಳೆ, ಹುಲ್ಲು, ಕುದುರೆ, ಮನುಷ್ಯರು ಎಲ್ಲರೂ ಒಂದೇ ಭಾಷೆಯಲ್ಲಿ ಮಾತಾಡುತ್ತಿದ್ದ ಕಾಲ ಅದು.

ಆ ಕಾಲದಲ್ಲಿ ಒಂದು ದೊಡ್ಡ ಹುಲ್ಲುಗಾವಲಿನ ಅಂಚಿನ ಹಟ್ಟಿಯಲ್ಲಿ ಕೇತವ್ವ ಎಂಬ ಹೆಂಗಸು ಇದ್ದಳು. ಬಿದಿರು ಸೀಳಿ ಬುಟ್ಟಿ ಹೆಣೆಯುವುದು ಅವಳ ಕೆಲಸ. ಮೊರ, ಮಂಕರಿ, ಜರಡಿ, ಯಾರಿಗೆ ಏನು ಬೇಕೋ ಅದನ್ನು ಹೆಣೆದು ಕೊಡುತ್ತಿದ್ದಳು. ಅವಳ ಜೊತೆಗಿದ್ದದ್ದು ಒಂದು ಗಿಡ್ಡ ಹೆಣ್ಣುಕುದುರೆ. ಹುರುಳಿಕಾಳಿನ ಬಣ್ಣ, ಹಾಗಾಗಿ ಹೆಸರೂ ಹುರುಳಿ. ಕೇತವ್ವ ಬಿದಿರು ಕಡಿದರೆ ಹುರುಳಿ ಹೊತ್ತು ತರುತ್ತಿತ್ತು. ದಾರಿಯುದ್ದಕ್ಕೂ ಇಬ್ಬರದೂ ಹರಟೆಯೋ ಹರಟೆ.

ಆಗಿನ ಹುಲ್ಲು ಬಲು ಸಿಹಿ. ಸೂರ್ಯನಿಗೆ ಕೆಲಸ ಹೊಸದು ನೋಡಿ, ಎಷ್ಟು ಸಿಹಿ ಸುರಿಯಬೇಕೆಂದು ತಿಳಿಯದೆ ಸುರಿದೇ ಸುರಿದಿದ್ದ. ಹುರುಳಿ ಬೆಳಿಗ್ಗೆ ತಿಂದಿತು. ಮಧ್ಯಾಹ್ನ ತಿಂದಿತು. ಸಂಜೆಯೂ ತಿಂದಿತು. ಹೊಟ್ಟೆ ಗುಡಾಣವಾಯಿತು. ಕತ್ತಿನ ಮೇಲೆ ಕೊಬ್ಬಿನ ಗಟ್ಟಿ ದಿಂಡು ಎದ್ದಿತು.

"ನನ್ನ ಹುರುಳಿ ನೋಡಿ, ಬೆಣ್ಣೆಮುದ್ದೆ!" ಎಂದು ಕೇತವ್ವ ಹೋದಲ್ಲೆಲ್ಲ ಹೇಳಿಕೊಂಡಳು.

ಒಂದು ಬೆಳಿಗ್ಗೆ ಅವಳು ಕರೆದರೂ ಹುರುಳಿ ಬರಲಿಲ್ಲ. ಹೋಗಿ ನೋಡಿದರೆ, ಮುಂಗಾಲು ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿತ್ತು.

"ಕೇತವ್ವಾ, ಗೊರಸಿನೊಳಗೆ ಯಾರೋ ಕೆಂಡ ಇಟ್ಟಿದ್ದಾರೆ ಕಣೆ."

ಕೇತವ್ವ ಬಗ್ಗಿ ಮುಟ್ಟಿದಳು. ಗೊರಸು ಒಲೆಯ ಮೇಲಿನ ಹೆಂಚಿನ ಹಾಗೆ ಸುಡುತ್ತಿತ್ತು.

ಒಂದೊಂದೇ ಹೆಜ್ಜೆ ನಡೆಸಿ ಹುರುಳಿಯನ್ನು ಹೊಳೆಗೆ ಇಳಿಸಿದಳು. ಹೊಳೆ ಕಾಲು ತಂಪು ಮಾಡಿತು. "ಉರಿ ನಾನು ತಗ್ಗಿಸ್ತೀನಿ. ಆದರೆ ಹಚ್ಚುತ್ತಿರೋದು ಯಾರು ಅಂತ ನೀನು ಹುಡುಕು," ಎಂದಿತು.

ದಡದಲ್ಲಿದ್ದ ಹುಲ್ಲು ತಲೆ ತಗ್ಗಿಸಿತು. "ನಾನೇ ಕಣವ್ವ. ನನ್ನ ಸಿಹಿ ಈ ಕುದುರೆಗೆ ಹೆಚ್ಚಾಗಿದೆ. ಹೊಟ್ಟೆಗೆ ಹೋದ ಸಿಹಿ ಗೊರಸಿಗಿಳಿದು ಉರೀತಿದೆ. ತಪ್ಪಿಸಿಕೊಳ್ಳೋಣ ಅಂದ್ರೆ, ಓಡಿಹೋಗೋಕೆ ನನಗೆ ಕಾಲಿಲ್ಲ."

ಸುದ್ದಿ ತಿಳಿದು ಹಟ್ಟಿಯ ಹಿರಿಯ ಕಾಟಯ್ಯ ಬಂದ. ಅವನು ಕುರಿ ಕಾಯುವವನು, ಮಾತು ಕಡಿಮೆ.

"ಮಳೆ ನಿಂತ ಮೇಲೆ ಹಟ್ಟಿಯವರೆಲ್ಲ ಗುಡ್ಡದಾಚೆ ಹೋಗ್ತೀವಿ, ಗೊತ್ತಲ್ಲ ಕೇತವ್ವ. ನಡೆಯೋಕಾಗದ ಕುದುರೆಯನ್ನ ಇಲ್ಲೇ ಬಿಡಬೇಕಾಗುತ್ತೆ."

"ಇಲ್ಲಿ ತೋಳಗಳಿವೆ ಕಾಟಯ್ಯ!"

"ಇವೆ," ಎಂದ ಕಾಟಯ್ಯ. ಹುರುಳಿಯ ಹಣೆ ಸವರಿ ಹೋದ.

ಕೇತವ್ವ ಅವತ್ತೇ ಹುರುಳಿಯನ್ನು ಕಲ್ಲಿನ ದೊಡ್ಡಿಯಲ್ಲಿ ಕೂಡಿ, ಒಂದಿಷ್ಟು ಒಣಹುಲ್ಲು ಹಾಕಿದಳು. ಹಸಿರು ಹುಲ್ಲು ಒಂದೆಸಳೂ ಇಲ್ಲ. ಉರಿ ತಗ್ಗಿತು. ಆದರೆ ಕುದುರೆ ಬೇಜಾರಿಗೆ ಬಾಗಿಲ ಮರ ಕಚ್ಚಿತು, ಗೋಡೆಯ ಮಣ್ಣು ನೆಕ್ಕಿತು. "ನಾನೇನು ತಪ್ಪು ಮಾಡಿದೆ ಕೇತವ್ವಾ?" ಎಂದು ದಿನಾ ಕೇಳಿತು.

"ತಪ್ಪು ನಿಂದಲ್ಲ ಕಣೆ, ನಂದು," ಎನ್ನುತ್ತಿದ್ದಳು ಕೇತವ್ವ. ಮರುಕ ತಡೆಯಲಾರದೆ ಒಂದು ದಿನ ಬಾಗಿಲು ತೆಗೆದಳು. ಹುರುಳಿ ಕುಂಟುತ್ತಲೇ ಹೋಗಿ ತಿಂದಿತು, ತಿಂದೇ ತಿಂದಿತು. ಮರುದಿನ ಗೊರಸು ಮತ್ತೆ ಕೆಂಡ.

ಬಿಟ್ಟರೆ ಉರಿ, ಕಟ್ಟಿದರೆ ಕಣ್ಣೀರು. ಏನು ಮಾಡುವುದು? ತಲೆ ಕೆಟ್ಟು ಕೂತು ಜರಡಿ ಹೆಣೆಯುತ್ತಿದ್ದಾಗ, ಗಾಳಿ ಅದರ ಕಿಂಡಿಗಳಲ್ಲಿ ತೂರಿ ಬಂದು ಅವಳ ಕೆನ್ನೆ ಮುಟ್ಟಿತು.

"ಬಾಗಿಲು ಪೂರ್ತಿ ಮುಚ್ಚಿದರೆ ನನಗೆ ಸಿಟ್ಟು ಬರುತ್ತೆ. ಪೂರ್ತಿ ತೆರೆದರೆ ಮನೆಯೆಲ್ಲ ಕೆದರಿಬಿಡ್ತೀನಿ. ಸಣ್ಣ ಕಿಂಡಿ ಇಟ್ಟರೆ ನೋಡು, ಹೀಗೆ ಮೆಲ್ಲಗೆ ಬರ್ತೀನಿ."

ಕೇತವ್ವ ಜರಡಿ ಪಕ್ಕಕ್ಕಿಟ್ಟಳು. ಎಳೆ ಬಿದಿರು ತೆಗೆದುಕೊಂಡು, ಹುರುಳಿಯ ಮೂತಿಯಷ್ಟಗಲದ ಒಂದು ಪುಟ್ಟ ಬುಟ್ಟಿ ಹೆಣೆದಳು. ಅದೇ ಮೊದಲನೇ ಬಾಯಿಕುಕ್ಕೆ. ತಳದಲ್ಲಿ ಹೆಬ್ಬೆರಳು ತೂರುವಷ್ಟು ಒಂದು ಕಿಂಡಿ ಬಿಟ್ಟು, ಬಾಯಿಗೆ ಹಾಕಿ, ಕಿವಿಯ ಹಿಂದೆ ಕಟ್ಟಿದಳು.

ಹುರುಳಿಗೆ ಕೆಂಡದಂಥ ಕೋಪ ಬಂತು. ಮರಕ್ಕೆ ಉಜ್ಜಿ ಉಜ್ಜಿ ಕುಕ್ಕೆ ಕಿತ್ತು ಹೊಳೆಗೆ ಎಸೆಯಿತು. ಅದರ ಮೂಗಿನ ಮೇಲೆ ಚರ್ಮ ತರಚಿತ್ತು.

ಹೊಳೆ ಕುಕ್ಕೆಯನ್ನು ದಡಕ್ಕೆ ತಂದು ಬಿಟ್ಟಿತು. "ಕೇತವ್ವ, ನಿನ್ನ ಬುಟ್ಟಿಯೊಳಗೆ ನಾನು ಸಲೀಸಾಗಿ ಹರಿದೆ. ಕುದುರೆ ನೀರು ಕುಡಿಯೋಕೆ ತೊಂದರೆಯಿಲ್ಲ. ಆದರೆ ಅಂಚು ಒರಟು. ಮೂತಿಗೆ ಜಾಗವೂ ಸಾಲದು."

ಕೇತವ್ವ ಕಾಟಯ್ಯನ ಹತ್ತಿರ ಹೋಗಿ ಹಿಡಿ ಉಣ್ಣೆ ಕೇಳಿದಳು. ಯಾಕೆಂದು ಕೇಳದೆ ಅವನು ಮಡಿಲು ತುಂಬ ಕೊಟ್ಟ. ಎರಡನೇ ಕುಕ್ಕೆ ಸಡಿಲವಾಗಿತ್ತು, ಅಂಚಿಗೆಲ್ಲ ಉಣ್ಣೆ ಸುತ್ತಿತ್ತು. ಮೂಗಿನ ಗಾಯ ಮಾಯುವತನಕ ಕಾದು ಅದನ್ನು ಕಟ್ಟಿ, ಹುರುಳಿಯನ್ನು ಮೇಯಲು ಬಿಟ್ಟಳು.

ಹುರುಳಿ ಮೇಯಲಿಲ್ಲ. ಮುನಿಸಿಕೊಂಡು ಸುಮ್ಮನೆ ನಿಂತಿತು.

ಹುಲ್ಲಿಗೇ ಪಾಪ ಅನ್ನಿಸಿತು. "ನಾನು ತುದಿ ಎತ್ತಿ ನಿಲ್ತೀನಿ. ನೀನು ತುಟಿ ಚಾಚು," ಎಂದಿತು.

ಹುರುಳಿ ತುಟಿ ಚಾಚಿತು. ಕಿಂಡಿಯಲ್ಲಿ ಒಂದು ಎಸಳು ಬಂತು.

"ಇಷ್ಟೇನಾ?"

"ಇನ್ನೊಂದಿದೆ."

ಒಂದು ಎಸಳು, ಇನ್ನೊಂದು ಎಸಳು, ಮತ್ತೊಂದು ಎಸಳು. ಇಡೀ ದಿನ ಗಾಳಿಯಲ್ಲಿ, ಬಿಸಿಲಲ್ಲಿ ಓಡಾಡಿಕೊಂಡು ಮೇಯಿತು. ತಿಂದದ್ದು ಮಾತ್ರ ಹಿತವಾಗುವಷ್ಟೇ. ಸಂಜೆ ಕೇತವ್ವ ಕುಕ್ಕೆ ಬಿಚ್ಚಿ, ದೊಡ್ಡಿಯಲ್ಲಿ ಒಣಹುಲ್ಲು ಹಾಕಿದಳು. ಹುರುಳಿ ತಿಂದಿತು, ಆದರೆ ಅವಳತ್ತ ಮುಖ ತಿರುಗಿಸಲಿಲ್ಲ. ಮಾತೂ ಆಡಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

ಆದರೂ ಕೇತವ್ವ ಬೆಳಿಗ್ಗೆ ಎದ್ದು ಕುಕ್ಕೆ ಕಟ್ಟುವುದನ್ನು ಬಿಡಲಿಲ್ಲ.

ತಿಂಗಳು ಕಳೆಯಿತು. ಕತ್ತಿನ ದಿಂಡು ಮೆತ್ತಗಾಯಿತು. ಇನ್ನೊಂದು ತಿಂಗಳು ಕಳೆಯಿತು. ಸವರಿದರೆ ಪಕ್ಕೆಲುಬು ಕೈಗೆ ಸಿಗುವಂತಾಯಿತು. ಮಳೆ ನಿಂತಿತು. ಹಟ್ಟಿಯವರು ಗಂಟುಮೂಟೆ ಕಟ್ಟಿದರು.

ಹೊರಡುವ ಬೆಳಿಗ್ಗೆ ಕಾಟಯ್ಯ ಬಂದು ನಿಂತ. ಕೇತವ್ವ ದೊಡ್ಡಿಯ ಬಾಗಿಲು ತೆಗೆದು, ಕುಕ್ಕೆ ಕಟ್ಟಿ, ಕಣ್ಣು ಮುಚ್ಚಿಕೊಂಡಳು. ಮೆತ್ತನೆ ಹುಲ್ಲು ಬಿಟ್ಟು ಕಲ್ಲುದಾರಿಯಲ್ಲಿ ಅದು ನಡೆಯುತ್ತದೋ ಇಲ್ಲವೋ, ನೋಡುವ ಧೈರ್ಯ ಅವಳಿಗಿರಲಿಲ್ಲ. ಟಕ್ ಎಂದು ಸದ್ದಾಯಿತು. ಆಮೇಲೆ ಟಕ್, ಟಕ್, ಟಕ್. ಕುಂಟುವ ಸದ್ದಲ್ಲ, ನಾಲ್ಕೂ ಕಾಲಿನ ಸದ್ದು! ಕೇತವ್ವ ಕಣ್ಣು ಬಿಟ್ಟು ಓಡಿಹೋಗಿ ಗೊರಸು ಮುಟ್ಟಿದಳು. ತಣ್ಣಗಿತ್ತು.

ಬೆನ್ನಿಗೆ ಬುಟ್ಟಿಗಳನ್ನು ಹೇರಲು ಹೋದಾಗ ಕಾಟಯ್ಯ ತಡೆದ. "ಬುಟ್ಟಿ ನಾನು ಹೊರ್ತೀನಿ. ಇವತ್ತು ಅದು ಬಂದರೆ ಸಾಕು."

ಅದು ಬಂತು. ಮಧ್ಯೆ ಮಧ್ಯೆ ನಿಂತು ದಣಿವಾರಿಸಿಕೊಂಡು, ಗುಡ್ಡ ಹತ್ತಿ, ಗುಡ್ಡ ಇಳಿದು, ಹೊತ್ತು ಮುಳುಗುವ ಮುಂಚೆ ಎಲ್ಲರ ಜೊತೆ ಹೊಸ ಹಟ್ಟಿಗೆ ಬಂದೇ ಬಂತು. ಕೇತವ್ವ ಕುಕ್ಕೆ ಬಿಚ್ಚಿದಳು. ಹುರುಳಿ ಹಿಂದಿರುಗಿ ನೋಡಿತು. ಏರಿ ಬಂದ ಗುಡ್ಡ ನೋಡಿತು, ತನ್ನ ಕಾಲು ನೋಡಿತು, ಆಮೇಲೆ ಕೇತವ್ವನನ್ನು ನೋಡಿತು. ತಲೆಯನ್ನು ಅವಳ ಹೆಗಲಿಗಿಟ್ಟು, ತುಟಿ ಅದುರಿಸುತ್ತ, ಒಳಗಿದ್ದ ಸಿಟ್ಟು, ಹೆದರಿಕೆ ಎಲ್ಲವನ್ನೂ ಒಂದೇ ಉಸಿರಿಗೆ ಹೊರಗೆ ಬಿಟ್ಟಿತು: "ಫುರ್ರ್ರ್ರ್..."

ಕೇತವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಳುವೋ ನಗುವೋ ತಿಳಿಯದೆ ಅವಳೂ ಉದ್ದಕ್ಕೆ ಉಸಿರು ಬಿಟ್ಟಳು.

ಗಾಳಿಗೆ ಆ ಸದ್ದು ಬಹಳ ಹಿಡಿಸಿತು. ಎತ್ತಿಕೊಂಡು ಹೋಗಿ ಲೋಕದ ಕುದುರೆಗಳಿಗೆಲ್ಲ ಕಲಿಸಿತು. ಕಾಲ ಕಳೆದಂತೆ ಕುದುರೆಗಳು ನಮ್ಮ ಮಾತು ಮರೆತವು, ಅದನ್ನು ಮಾತ್ರ ಮರೆಯಲಿಲ್ಲ.

ಅದಕ್ಕೇ ಮಗು, ಹಸಿರು ಹುಲ್ಲಿನಲ್ಲಿ ಕುಕ್ಕೆ ಹಾಕಿಕೊಂಡು ಮೇಯುವ ಡುಮ್ಮ ಕುದುರೆಯೊಂದನ್ನು ನೀನು ಕಂಡರೆ, ಸಂಜೆ ಅದರ ಕುಕ್ಕೆ ಬಿಚ್ಚುವ ತನಕ ಬೇಲಿಯ ಹತ್ತಿರ ಸುಮ್ಮನೆ ನಿಂತಿರು, ಅದೂ ತುಟಿ ಅದುರಿಸಿ, ಉದ್ದಕ್ಕೆ ಉಸಿರು ಬಿಟ್ಟು "ಫುರ್ರ್" ಎನ್ನುವುದು ನಿನಗೂ ಕೇಳಿಸುತ್ತದೆ.